ಬಿಸಿಲ ನಾಡಿನ ಚರ್ಮಕ್ಕೆ ಲೇಸರ್ ಬಿದ್ದ ಮೇಲೆ

ಬೇಡದ ಕೂದಲಿಗೆ ಲೇಸರ್ ಮಾಡಿಸಿಕೊಂಡು ಹೊರಬರುವವರ ಕೈಗೆ ಕ್ಲಿನಿಕ್ಕಿನವರು ಒಂದು ಚೀಟಿ ಕೊಡುತ್ತಾರೆ. ಎರಡು ದಿನ ಬಿಸಿನೀರು ಬೇಡ, ಉಜ್ಜಬೇಡಿ, ಬಿಸಿಲಿಗೆ ಹೋಗಬೇಡಿ. ಈ ಕೊನೆಯ ಮಾತನ್ನು ಬರೆಯುವುದು ಸುಲಭ. ಅದನ್ನು ಓದುವ ಹೆಣ್ಣುಮಗಳು ಕಲಬುರಗಿಯ ಬಸ್ ನಿಲ್ದಾಣದಲ್ಲಿ ಮಟಮಟ ಮಧ್ಯಾಹ್ನ ಜೇವರ್ಗಿಯ ಬಸ್ಸಿಗೆ ಕಾಯಬೇಕು, ಇಳಿದು ಮನೆಯವರೆಗೆ ನಡೆಯಬೇಕು, ಸಂಜೆಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯಬೇಕು, ಮರುದಿನ ತೊಗರಿ ಹೊಲದಲ್ಲಿ ಕಳೆ ತೆಗೆಯಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಸಿಲು 42, 43 ಡಿಗ್ರಿ ಮುಟ್ಟುವುದು ಯಾರಿಗೂ ಹೊಸ ಸುದ್ದಿಯಲ್ಲ. ಏಸಿ ಕೋಣೆಯಲ್ಲಿ ದುಡಿಯುವವರಿಗೆಂದು ಬರೆದ ಚೀಟಿ ಇಲ್ಲಿ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಯಂತ್ರ ಚರ್ಮದೊಳಗೆ ಏನು ಮಾಡಿತು ಎಂಬುದು ತಿಳಿದರೆ ಮಾತ್ರ, ಯಾವ ಎಚ್ಚರಿಕೆಯನ್ನು ಬಿಡಬಾರದು, ಯಾವುದನ್ನು ನಮ್ಮ ದಿನಚರಿಗೆ ಹೊಂದಿಸಿಕೊಳ್ಳಬಹುದು ಎಂಬುದು ನಮಗೇ ಹೊಳೆಯುತ್ತದೆ.

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿಗೆ ಹರಿಯುವ ಬೆಳಕು. ಅಮೆರಿಕದ ಥಿಯೋಡರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊರಡಿಸಿದರು. ಅದನ್ನು ಚರ್ಮದ ಮೇಲೆ ಬಿಟ್ಟರೆ ಏನಾಗುತ್ತದೆ ಎಂದು ವೈದ್ಯರು ಆ ದಶಕದಲ್ಲೇ ನೋಡತೊಡಗಿದರು. ಆದರೆ ಸುತ್ತಲಿನ ಚರ್ಮವನ್ನು ಸುಡದೆ ಒಂದು ಗುರಿಯನ್ನಷ್ಟೇ ಸುಡುವ ಲೆಕ್ಕ ಸ್ಪಷ್ಟವಾದದ್ದು 1983ರಲ್ಲಿ. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯ ವಿಜ್ಞಾನಿಗಳು ಆ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಬಿಡಿಸಿ ಹೇಳಿದರು: ಗುರಿ ಮಾತ್ರ ಹೀರಿಕೊಳ್ಳುವ ಬಣ್ಣದ ಬೆಳಕನ್ನು ಆರಿಸಿ, ಆ ಗುರಿ ಕಾದು ತಣ್ಣಗಾಗಲು ಹಿಡಿಯುವ ಹೊತ್ತಿಗಿಂತ ಬೇಗ ಬೆಳಕನ್ನು ನಿಲ್ಲಿಸಿ. ಆಗ ಶಾಖ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಗುರಿ ಬೆಂದಿರುತ್ತದೆ. ಮಾಣಿಕ್ಯದ ಲೇಸರಿನಿಂದ ಕೂದಲು ಕಡಿಮೆ ಮಾಡಬಹುದೆಂದು 1996ರಲ್ಲಿ ವರದಿಯಾಯಿತು.

ಕೂದಲಲ್ಲಿ ಆ ಗುರಿ ಮೆಲನಿನ್, ಅಂದರೆ ಕಪ್ಪು ಬಣ್ಣ ಕೊಡುವ ವಸ್ತು. ಮಧ್ಯಾಹ್ನ ಬರಿಗಾಲಲ್ಲಿ ಅಂಗಳದ ಫರಸಿ ಕಲ್ಲಿನಿಂದ ಡಾಂಬರು ರಸ್ತೆಗೆ ಕಾಲಿಟ್ಟವರಿಗೆ ಕಪ್ಪು ಹೇಗೆ ಬಿಸಿಲು ಕುಡಿಯುತ್ತದೆಂದು ಹೇಳಿಕೊಡಬೇಕಿಲ್ಲ. ಬೆಳಕು ಕೂದಲಿನ ಕಪ್ಪಿಗೆ ಬಿದ್ದು ಶಾಖವಾಗುತ್ತದೆ, ಕೂದಲಿನುದ್ದಕ್ಕೂ ಇಳಿದು ಬುಡದ ಚೀಲಕ್ಕೆ, ಅದರ ಗೋಡೆಯಲ್ಲಿರುವ ಕಾಂಡಕೋಶಗಳಿಗೆ ತಟ್ಟುತ್ತದೆ. ಮತ್ತೆ ಮತ್ತೆ ಕೂದಲು ಹುಟ್ಟಿಸುವ ಶಕ್ತಿ ಇರುವುದು ಆ ಕಾಂಡಕೋಶಗಳಲ್ಲಿ. ಅವಕ್ಕೆ ಪೆಟ್ಟು ಬಿದ್ದರೆ ಆ ಚೀಲ ವರ್ಷಗಟ್ಟಲೆ ಸುಮ್ಮನಾಗುತ್ತದೆ, ಇಲ್ಲವೇ ಸಣ್ಣ, ತೆಳು ಕೂದಲನ್ನಷ್ಟೇ ಬಿಡುತ್ತದೆ.

ತೊಡಕು ಇರುವುದು ಇಲ್ಲಿಯೇ. ನಮ್ಮ ಚರ್ಮದ ಮೇಲ್ಪದರದಲ್ಲಿಯೂ ಇರುವುದು ಅದೇ ಮೆಲನಿನ್. ಕೂದಲಿನ ಕಪ್ಪು ಯಾವುದು, ಚರ್ಮದ ಕಪ್ಪು ಯಾವುದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. 694 ನ್ಯಾನೊಮೀಟರ್ ಅಲೆಯುದ್ದದ ಮಾಣಿಕ್ಯದ ಬೆಳಕು ಬಿಳಿ ಚರ್ಮದವರಿಗೆ ಆಗಿಬಂದರೂ ಕಂದು ಚರ್ಮಕ್ಕೆ ಆಗಿಬರಲಿಲ್ಲ, ಸುಟ್ಟ ಗಾಯ ಮಾಡಿತು. ಹಾಗಾಗಿ ನಮ್ಮಂಥವರಿಗೆ ಮೆಲನಿನ್ ಕಡಿಮೆ ಹೀರುವ, ಆಳಕ್ಕೆ ಇಳಿಯುವ ಉದ್ದ ಅಲೆಯ ಬೆಳಕು ಬೇಕಾಯಿತು. 810 ನ್ಯಾನೊಮೀಟರಿನ ಆಸುಪಾಸಿನ ಡಯೋಡ್, 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಬಂದವು. ಮೇಲ್ಪದರ ಕೆಲವೇ ಮಿಲಿಸೆಕೆಂಡಿನಲ್ಲಿ ತಣ್ಣಗಾಗುತ್ತದೆ, ದಪ್ಪ ಕೂದಲಿನ ಬುಡಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಅದಕ್ಕೇ ಕಂದು ಚರ್ಮಕ್ಕೆ ಪ್ರತಿ ಶಾಟನ್ನು, ಅಂದರೆ ಬೆಳಕಿನ ಹೊಡೆತವನ್ನು, ತುಸು ಎಳೆದು ಕೊಡುತ್ತಾರೆ, ಯಂತ್ರದ ತುದಿಯ ತಣ್ಣನೆಯ ನೀಲಮಣಿ ಗಾಜನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತಾರೆ. ಪ್ರತಿ ಸಿಟ್ಟಿಂಗಿಗೂ ಎಷ್ಟು ಶಕ್ತಿ, ಎಷ್ಟು ಹೊತ್ತು ಎಂದು ವೈದ್ಯರು ಗೊತ್ತು ಮಾಡುವುದು ಆ ದಿನ ನಿಮ್ಮ ಚರ್ಮದ ಮೇಲ್ಪದರದಲ್ಲಿ ಎಷ್ಟು ಮೆಲನಿನ್ ಇದೆ ಎಂಬುದನ್ನು ನೋಡಿ. ಹಿಂದಿನ ಸಿಟ್ಟಿಂಗಿನಿಂದ ಈಚೆಗೆ ಬಿಸಿಲಲ್ಲಿ ಮುಖ ಕಪ್ಪಿಟ್ಟಿದ್ದರೆ, ಹೋದ ಸಲ ಸರಿಹೋದ ಅಳತೆಯೇ ಈ ಸಲ ಸುಡಬಲ್ಲದು. ಚೀಟಿಯಲ್ಲಿ ಬಿಸಿಲು ಬೇಡವೆಂದು ಬರೆಯುವುದು ಇದಕ್ಕಾಗಿ. ಇಂದಿನ ಉರಿಯನ್ನು ಆರಿಸುವುದು ಅದರ ಅರ್ಧ ಕಾರಣ, ಮುಂದಿನ ಸಿಟ್ಟಿಂಗಿಗೆ ಚರ್ಮವನ್ನು ಕಾಪಾಡುವುದು ಇನ್ನರ್ಧ.

ಚಿಕಿತ್ಸೆ ಮುಗಿದ ತಕ್ಷಣ ಕನ್ನಡಿ ನೋಡಿಕೊಂಡರೆ ಒಂದೊಂದು ಕೂದಲಿನ ಸುತ್ತಲೂ ಸಾಸಿವೆಯಷ್ಟು ಸಣ್ಣ ಕೆಂಪು ಗುಳ್ಳೆ ಎದ್ದಿರುತ್ತದೆ, ಕೂದಲು ಸುಟ್ಟ ವಾಸನೆ ಮೂಗಿಗೆ ಹತ್ತಿರುತ್ತದೆ. ಹೆದರಬೇಕಿಲ್ಲ. ಶಾಖ ಬುಡಕ್ಕೆ ತಲುಪಿದೆ ಎಂಬುದಕ್ಕೆ ವೈದ್ಯರು ಹುಡುಕುವ ಗುರುತೇ ಅದು. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಸಾಕು. ಐಸಿನ ಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು, ಚಳಿಯೂ ಸುಡುತ್ತದೆ. ಹಿತ್ತಲ ಲೋಳೆಸರ ಹಚ್ಚುವವರು ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿನಿಂದ ಇಳಿಯುವ ಹಳದಿ ಹಾಲನ್ನು ಪೂರ್ತಿ ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸಬೇಕು. ಆ ಹಾಲು ಕೆಲವರಿಗೆ ತುರಿಕೆ ತರುತ್ತದೆ.

ಮೊದಲ ಎರಡು ದಿನ ಶಾಖದಿಂದ ದೂರವಿರುವುದು ಮುಖ್ಯ. ಈ ಭಾಗದಲ್ಲಿ ಶಾಖ ಎಂದರೆ ಬಿಸಿಲಷ್ಟೇ ಆಗಿರುವುದಿಲ್ಲ. ರೊಟ್ಟಿ ಬಡಿಯುವಾಗ ಹಂಚಿನ ಝಳ ನೇರ ಗಲ್ಲಕ್ಕೆ, ಗದ್ದಕ್ಕೆ ರಾಚುತ್ತದೆ, ಹಿಟ್ಟಿಗೆ ಹಾಕುವ ಕುದಿನೀರಿನ ಹಬೆ ಮುಖಕ್ಕೆ ಅಡರುತ್ತದೆ. ಮೀಸೆ, ಗದ್ದದ ಜಾಗಕ್ಕೆ ಲೇಸರ್ ಮಾಡಿಸಿಕೊಂಡವರನ್ನು ಆ ಎರಡು ದಿನ ಮನೆಯವರು ಒಲೆ ಮುಂದಿನಿಂದ ಎಬ್ಬಿಸಬೇಕು. ರೊಟ್ಟಿಯನ್ನು ಇನ್ನೊಬ್ಬರು ಬಡಿಯಲಿ, ಬಸವಣ್ಣನ ನಾಡಿನಲ್ಲಿ ಗಂಡಸರು ಕಲಿತರೂ ನಡೆದೀತು. ಕಂಕುಳಿಗೆ ಮಾಡಿಸಿಕೊಂಡವರು ಸೆಂಟು, ಡಿಯೋಡರೆಂಟು ಬಿಟ್ಟು ಸಡಿಲ ಹತ್ತಿ ಬಟ್ಟೆ ಹಾಕಬೇಕು. ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದ ಸ್ನಾನಕ್ಕೆ ಹೋಗುವವರಿದ್ದರೆ ಕೆಲವು ದಿನ ಮುಂದಕ್ಕೆ ಹಾಕಿ. ನೊಂದ ಕೂದಲ ಬುಡಕ್ಕೆ ಹೊಳೆನೀರಿನ ಸೋಂಕು ಹತ್ತಿದರೆ ಕೀವುಗುಳ್ಳೆಗಳಾಗುತ್ತವೆ.

ಅರಿಶಿಣದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ತೊಂದರೆ ಮದುವೆಯ ಹಂಗಾಮಿನಲ್ಲಿಯೇ ಕಾಣುತ್ತದೆ. ಏಪ್ರಿಲ್, ಮೇ ತಿಂಗಳ ಮದುವೆ ಇನ್ನೇನು ಬಂತು ಎನ್ನುವಾಗ ಹುಡುಗಿಯನ್ನು ಕ್ಲಿನಿಕ್ಕಿಗೆ ಕರೆತರುತ್ತಾರೆ. ಮೊದಲನೆಯ ಸಿಟ್ಟಿಂಗ್ ಆಗುತ್ತದೆ, ವಾರದೊಳಗೆ ಅರಿಶಿಣ ಹಚ್ಚುವ ಶಾಸ್ತ್ರ ಬರುತ್ತದೆ, ಉರಿ ಇನ್ನೂ ಪೂರ್ತಿ ಆರದ ಮುಖಕ್ಕೆ ಅರಿಶಿಣ, ಕಡಲೆಹಿಟ್ಟು, ಕೆಲವರು ನಿಂಬೆರಸವನ್ನೂ ಸೇರಿಸಿ ತಿಕ್ಕುತ್ತಾರೆ. ನಿಂಬೆಯ ರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಲೇಸರ್ ಮಾಡಿಸದವರಿಗೂ ಕಪ್ಪು ಕಲೆ ಏಳುತ್ತದೆ. ನೊಂದ ಚರ್ಮ ಯಾವುದೇ ಕಿರಿಕಿರಿಗೆ ಮೆಲನಿನ್ ಸುರಿದೇ ಉತ್ತರ ಕೊಡುತ್ತದೆ, ಕಂದು ಚರ್ಮದ ಸ್ವಭಾವವೇ ಅದು. ಆ ಕಪ್ಪು ಹೋಗಲು ತಿಂಗಳುಗಳು ಹಿಡಿಯುತ್ತವೆ. ಬಳೆ, ಸೀರೆಯಷ್ಟೇ ಮುಂಚಿತವಾಗಿ ಇದನ್ನೂ ಯೋಚಿಸಬೇಕು. ಮೊದಲ ಮಳೆ ಬಿದ್ದ ಜೂನ್‌ನಲ್ಲಿ ಶುರು ಮಾಡಿ ಆರು ವಾರಕ್ಕೊಮ್ಮೆ ಹೋದರೆ ಆರು ಸಿಟ್ಟಿಂಗುಗಳು ತೊಗರಿ ರಾಶಿ ಮುಗಿಯುವ ಜನವರಿಯ ಹೊತ್ತಿಗೆ ಆಗುತ್ತವೆ, ಚರ್ಮಕ್ಕೆ ಮದುವೆಗೆ ಮೊದಲು ಎರಡು ತಿಂಗಳ ಬಿಡುವೂ ಸಿಗುತ್ತದೆ.

ಒಂದೇ ಸಲಕ್ಕೆ ಏಕೆ ಮುಗಿಯುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಮೈಯ ಕೂದಲು ಎಲ್ಲವೂ ಒಟ್ಟಿಗೆ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಉದುರುವ ಹಂತದಲ್ಲಿ, ಕೆಲವು ಮಲಗಿರುತ್ತವೆ. ಬುಡದಲ್ಲಿ ಕಪ್ಪು ತುಂಬಿ ಬೆಳೆಯುತ್ತಿರುವ ಕೂದಲಿಗಷ್ಟೇ ಲೇಸರ್ ಸರಿಯಾಗಿ ನಾಟುತ್ತದೆ. ಮಲಗಿದವು ಎದ್ದ ಮೇಲೆ ಅವನ್ನು ಹಿಡಿಯಲು ಮತ್ತೆ ಹೋಗಬೇಕು. ನಡುವಿನ ದಿನಗಳಲ್ಲಿ ಕೂದಲನ್ನು ಬುಡಸಮೇತ ಕೀಳುವ ವ್ಯಾಕ್ಸ್, ತ್ರೆಡಿಂಗ್, ಚಿಮಟ ಬೇಡವೆನ್ನುವುದಕ್ಕೂ ಇದೇ ಕಾರಣ: ಬುಡವೇ ಇಲ್ಲದ ಮೇಲೆ ಬೆಳಕು ಯಾವುದಕ್ಕೆ ಬೀಳಬೇಕು? ಬ್ಲೀಚ್ ಮಾಡಿ ಹೊಂಬಣ್ಣಕ್ಕೆ ತಿರುಗಿದ ಕೂದಲು, ವಯಸ್ಸಿಗೆ ನರೆತ ಕೂದಲು ಯಂತ್ರಕ್ಕೆ ಕಾಣುವುದೇ ಇಲ್ಲ. ರೇಜರ್ ಮಾತ್ರ ಬಳಸಬಹುದು. ಹೆಣ್ಣುಮಕ್ಕಳು ಮುಖಕ್ಕೆ ರೇಜರ್ ತಾಗಿಸಿದರೆ ಗಂಡಸರಂತೆ ದಪ್ಪ ಕೂದಲು ಬರುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಕತ್ತರಿಸಿದ ತುದಿ ಮೊಂಡಾಗಿ ಒರಟೆನಿಸುತ್ತದೆ, ಅಷ್ಟೇ. ಬುಡಕ್ಕೆ ಕತ್ತರಿಸಿದ ಸುದ್ದಿ ಮುಟ್ಟುವುದಿಲ್ಲ.

ವಾರ, ಎರಡು ವಾರ ಕಳೆದ ಮೇಲೆ ಕರಿ ಚುಕ್ಕೆಗಳಂತೆ ಕೂದಲು ಮತ್ತೆ ಏಳುವುದನ್ನು ಕಂಡು ದುಡ್ಡು ನೀರಿಗೆ ಹೋಯಿತೆಂದು ಕೊರಗುವವರಿದ್ದಾರೆ. ಅವು ಸುಟ್ಟ ಕೂದಲುಗಳು, ಚರ್ಮ ಅವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಸ್ನಾನವಾದ ಮೇಲೆ ಟವಲಿನಿಂದ ಮೆಲ್ಲಗೆ ಒತ್ತಿದರೆ ಒಂದೊಂದಾಗಿ ಬಟ್ಟೆಗೆ ಅಂಟಿ ಬರುತ್ತವೆ. ಕೆರೆದು ಕೀಳಬಾರದು.

ಈಗ ಬಿಸಿಲಿನ ಮಾತು. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಾಚೆ. ಮೇ 10ರ ಆಸುಪಾಸು, ಮತ್ತೆ ಆಗಸ್ಟ್ ಮೊದಲ ವಾರ, ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ, ನೆರಳು ಕಾಲಡಿಗೇ ಸೇರುತ್ತದೆ. ಅಂದರೆ ಮಳೆಗಾಲದ ನಡುವೆ ಮೋಡ ಸರಿದ ಒಂದು ಆಗಸ್ಟ್ ಮಧ್ಯಾಹ್ನವೂ ಮೇ ತಿಂಗಳಷ್ಟೇ ಅತಿನೇರಳೆ ಕಿರಣ ಸುರಿಯಬಲ್ಲದು. ತಂಪಿದೆ ಎಂದು ಚರ್ಮ ಮೋಸಹೋಗುತ್ತದೆ. ಹನ್ನೊಂದರಿಂದ ಮೂರರವರೆಗಿನ ಹೊತ್ತನ್ನು ತಪ್ಪಿಸಿಕೊಂಡರೆ ಅರ್ಧ ಗೆದ್ದಂತೆ. ಸನ್‌ಸ್ಕ್ರೀನ್ 30 ಎಸ್‌ಪಿಎಫ್ ಅಥವಾ ಹೆಚ್ಚಿನದಿರಲಿ, ಮುಖ–ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿ ಹಚ್ಚಬೇಕು, ಬೆವರುವ ಸೀಮೆಯಲ್ಲಿ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಇಷ್ಟು ಬಳಸಿದರೆ ಟ್ಯೂಬು ತಿಂಗಳೂ ಬಾಳುವುದಿಲ್ಲ, ಕೂಲಿಯವರಿಗೆ ಅದು ಭಾರವೇ. ಅಂಥವರಿಗೆ ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಒಳ್ಳೆಯ ಆಸರೆ. ಹೊಲದಲ್ಲಿ ಹೆಂಗಸರು ಸೆರಗಿನ ಮೇಲೆ ಟವಲು ಸುತ್ತಿ ಕಣ್ಣು ಮಾತ್ರ ಬಿಡುವ ಪದ್ಧತಿ ಇದೆಯಲ್ಲ, ಅದು ತೆಳು ಹಚ್ಚಿದ ಸನ್‌ಸ್ಕ್ರೀನಿಗಿಂತ ಮೇಲು. ಕಳೆ, ರಾಶಿ ಎಂದು ಬಿಸಿಲು ಬಿಡಲಾಗದ ತಿಂಗಳುಗಳಲ್ಲಿ ಮುಖದ ಚಿಕಿತ್ಸೆಯನ್ನೇ ಮುಂದೂಡುವುದು ಲೇಸು, ಬಟ್ಟೆಯೊಳಗಿನ ಜಾಗಕ್ಕೆ ಮಾಡಿಸಬಹುದು. ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳದೆ ತಾರೀಖು ಕೊಡುವ ಕ್ಲಿನಿಕ್ಕಿಗೆ ಹೋಗದಿರುವುದೇ ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಸ್ಸಿನಲ್ಲಿ ಕಿಟಕಿ ಗಾಜು ಮುಚ್ಚಿದರೂ ಸಾಲದು. ಸುಡುವ ಕಿರಣಗಳನ್ನು ಗಾಜು ತಡೆದರೂ ಚರ್ಮ ಕಪ್ಪಾಗಿಸುವ ಉದ್ದ ಅಲೆಯ ಅತಿನೇರಳೆ ಕಿರಣ ಸಾದಾ ಗಾಜನ್ನು ದಾಟಿ ಬರುತ್ತದೆ. ಮಧ್ಯಾಹ್ನದ ಮೇಲೆ ಕಲಬುರಗಿಯಿಂದ ದಕ್ಷಿಣಕ್ಕೆ ಜೇವರ್ಗಿಗೆ ಹೋಗುವವರು ಎಡಗಡೆ ಕೂರಬೇಕು, ವಾಯವ್ಯಕ್ಕೆ ಆಳಂದ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಕಡೆ ಹೋಗುವವರು ಬಲಗಡೆ. ಪಡುವಣಕ್ಕಿರುವ ಅಫಜಲಪುರದ ಬಸ್ಸಿಗೆ ಸೂರ್ಯ ಎದುರಿಗೇ ಬರುತ್ತಾನೆ, ಅವರು ಹಿಂದಿನ ಸೀಟು ಹಿಡಿಯಲಿ.

ನೀರುಗುಳ್ಳೆ ಎದ್ದರೆ, ಯಂತ್ರದ ತುದಿಯ ಅಚ್ಚಿನಂತೆ ಚೌಕಾಕಾರದ ಕಂದು ಗುರುತು ಬಿದ್ದರೆ, ಮೂರನೆಯ ದಿನಕ್ಕೂ ಉರಿ ಏರುತ್ತಲೇ ಇದ್ದರೆ ಗುಳ್ಳೆ ಒಡೆಯದೆ ವೈದ್ಯರಲ್ಲಿಗೆ ಹೋಗಬೇಕು. ಅಷ್ಟು ದೂರ ಯಾರು ಹೋಗುತ್ತಾರೆಂದು ಮೆಡಿಕಲ್ ಅಂಗಡಿಯಲ್ಲಿ ‘ಬೆಳ್ಳಗೆ ಮಾಡುವ’ ಕ್ರೀಮ್ ಕೇಳುವುದು ಈ ಚಿಕಿತ್ಸೆಗೆ ತಗಲುವ ಅತಿ ಕೆಟ್ಟ ಪಿಡುಗು. ಅವುಗಳಲ್ಲಿ ಹಲವು ಸ್ಟಿರಾಯ್ಡ್ ಬೆರೆತವು. 2018ರಲ್ಲಿ ಕೇಂದ್ರ ಸರ್ಕಾರ ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ವೈದ್ಯರು ಒಂದೆರಡು ದಿನಕ್ಕೆ ಬರೆದುಕೊಟ್ಟರೆ ಅದು ಔಷಧ, ತಿಂಗಳುಗಟ್ಟಲೆ ನಾವೇ ಹಚ್ಚಿಕೊಂಡರೆ ಚರ್ಮ ಹಾಳೆಯಂತೆ ತೆಳುವಾಗಿ, ರಕ್ತನಾಳ ಕಂಡು, ಮೊಡವೆ ಎದ್ದು, ಮುಖದ ಮೇಲೆ ಹೊಸ ಕೂದಲೂ ಹುಟ್ಟುತ್ತದೆ. ಯಾವುದನ್ನು ತೆಗೆಸಲು ಹೋದರೋ ಅದನ್ನೇ ಆ ಕ್ರೀಮ್ ಬೆಳೆಸುತ್ತದೆ.

ಹಳೆಯ ಹೆಂಗಸರ ಗದ್ದ, ಮುಂಗೈಗಳ ಮೇಲಿನ ಹಸಿರು ಹಚ್ಚೆಯ ಮೇಲೆ, ಮಚ್ಚೆಯ ಮೇಲೆ ಈ ಲೇಸರನ್ನು ಹಾಯಿಸಬಾರದು. ಹಚ್ಚೆಯ ಬಣ್ಣ ಕೂದಲಿಗಿಂತ ಮೊದಲು ಕಾದು ಗಾಯವಾಗುತ್ತದೆ. ಕಾಡಿಗೆ, ಕುಂಕುಮದ ಉಳಿಕೆಯನ್ನೂ ಮೊದಲೇ ತೊಳೆದಿರಬೇಕು.

ಗದ್ದ, ಮೇಲ್ದುಟಿ, ಎದೆಯ ಮೇಲೆ ಒರಟು ಕೂದಲು ಬೆಳೆದು ಮುಟ್ಟೂ ತಪ್ಪುತ್ತಿದ್ದರೆ ಅದು ಪಿಸಿಒಡಿ ಎಂಬ ಹಾರ್ಮೋನಿನ ತೊಂದರೆ ಇರಬಹುದು. ಲೇಸರ್ ಈಗಿರುವ ಕೂದಲನ್ನು ಸುಡುತ್ತದೆ, ಹೊಸದನ್ನು ಎಬ್ಬಿಸುತ್ತಿರುವ ಹಾರ್ಮೋನು ಅದಕ್ಕೆ ಸಿಗದು. ಇಂಥವರು ಸ್ತ್ರೀರೋಗ ತಜ್ಞರನ್ನೂ ಕಾಣಬೇಕು. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಊರಲ್ಲಿ ಗಂಡುಬೀರಿ ಎಂದು ಆಡಿಕೊಳ್ಳುತ್ತಾರೆಂದು ಹೊರಗೆ ಬರಲು ಹಿಂಜರಿಯುವ ಹುಡುಗಿಯರಿಗೆ, ಇದು ತುಂಬಾ ಹೆಂಗಸರಿಗೆ ಬರುವ, ಔಷಧ ಇರುವ ತೊಂದರೆ ಎಂದು ತಾಯಂದಿರು ಮೊದಲು ಹೇಳಬೇಕು. ಇಂಥವರಿಗೆ ಆರೆಂಟು ಸಿಟ್ಟಿಂಗ್ ಮುಗಿದ ಮೇಲೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಬೇಕಾಗುತ್ತದೆ.

ಅಪರೂಪಕ್ಕೆ ಲೇಸರ್ ತಗುಲಿದ ಜಾಗದ ಅಂಚಿನಲ್ಲಿ, ಗಲ್ಲ ಮತ್ತು ಕುತ್ತಿಗೆಯ ಮೇಲೆ, ಇದ್ದ ನವಿರು ಕೂದಲು ದಪ್ಪವಾಗುವುದುಂಟು. ನಮ್ಮಂಥ ಮೈಬಣ್ಣದವರಲ್ಲಿ, ಹಾರ್ಮೋನಿನ ತೊಂದರೆ ಇರುವವರಲ್ಲಿ ಇದು ಹೆಚ್ಚು. ಹಾಗೆ ಕಂಡರೆ ಹೆಚ್ಚು ಸಿಟ್ಟಿಂಗ್ ಕೊಂಡು ಪ್ರಯೋಜನವಿಲ್ಲ, ಅಳತೆ ಬದಲಿಸಬೇಕು ಇಲ್ಲವೇ ನಿಲ್ಲಿಸಬೇಕು. ಅದಕ್ಕಾಗಿ ಪ್ರತಿ ಸಲದ ಯಂತ್ರದ ಹೆಸರು, ಅಲೆಯ ಉದ್ದ, ಶಕ್ತಿ, ಶಾಟಿನ ಅವಧಿಯನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ, ಪ್ರತಿ ಸಿಟ್ಟಿಂಗಿಗೆ ಮೊದಲು ಒಂದೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಲ್ಲೊಂದು ಫೋಟೊ ತೆಗೆದಿಡಿ. ಮುಂದೆ ಬೇರೆ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಅವರು ಕೇಳುವುದು ಆ ಕಾರ್ಡು ಮತ್ತು ಆ ಫೋಟೊಗಳನ್ನೇ.