ನಕಲಿನ ಜೊತೆಗೇ ಬೀಗ ಹಾಕುವ 'ಇನ್‌ಸ್ಟಾಲ್'

ಕಾಸರಗೋಡು: ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಲಿನಕ್ಸ್ ಹೊಸದೇನಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಗುವ ಮೊದಲೇ ಅದು ಇಲ್ಲಿನ ಶಾಲಾ ಕಂಪ್ಯೂಟರುಗಳಿಗೆ ಬಂದಿತ್ತು. ಆದರೆ ಮೌಸ್ ಬದಿಗಿಟ್ಟು ಟರ್ಮಿನಲ್‌ನಲ್ಲಿ ಆಜ್ಞೆ ಟೈಪು ಮಾಡುವವರಿಗೂ 'ಇನ್‌ಸ್ಟಾಲ್' ಎಂಬ ಪುಟ್ಟ ಆಜ್ಞೆಯ ನಿಜವಾದ ಕೆಲಸ ಗೊತ್ತಿರುವುದು ಅಪರೂಪ.

ಹೆಸರು ಕೇಳಿ ಮೋಸಹೋಗಬಾರದು. ಹೊಸ ತಂತ್ರಾಂಶ ಹಾಕಲು ಉಬುಂಟುವಿನಲ್ಲಿ ಬಳಸುವ 'ಆಪ್ಟ್ ಇನ್‌ಸ್ಟಾಲ್' ಬೇರೆ, ಇದು ಬೇರೆ. ಫೈಲನ್ನು ನಕಲು ಮಾಡಿ, ಆ ನಕಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಒಂದೇ ಸಲಕ್ಕೆ ಗೊತ್ತುಪಡಿಸುವುದಷ್ಟೇ ಇದರ ಕಸುಬು. 1983ರ 4.2 ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಬಂದ ಆಜ್ಞೆ ಇದು. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ನು ರೂಪವನ್ನು ಬರೆದವರು ಡೇವಿಡ್ ಮೆಕೆಂಜಿ.

ಹಲವರು ಬಳಸುವ ಒಂದು ಶಾಲಾ ಕಂಪ್ಯೂಟರಿಗೆ ಶಿಕ್ಷಕರೊಬ್ಬರು ಪೆನ್‌ಡ್ರೈವಿನಿಂದ ಅಂಕಪಟ್ಟಿ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಪದ್ಧತಿಗೆ ಲಿನಕ್ಸಿನ ಅನುಮತಿಗಳೇ ಗೊತ್ತಿಲ್ಲ. 'ಸಿಪಿ' ಆಜ್ಞೆಯಿಂದ ನಕಲಿಸಿದರೆ ಬಹುತೇಕ ಸಂದರ್ಭಗಳಲ್ಲಿ ಆ ಪಟ್ಟಿ ಎಲ್ಲರೂ ಓದುವಂತೆಯೇ ಬಂದು ಕೂರುತ್ತದೆ. ಅನಂತರ 'ಸಿಎಚ್‌ಮೋಡ್' ಕೊಟ್ಟು ಬೀಗ ಹಾಕಬಹುದು, ನಿಜ. ಮರೆತರೆ? ಮರೆಯದಿದ್ದರೂ, ನಡುವಿನ ಕ್ಷಣದಲ್ಲಿ ಫೈಲು ತೆರೆದುಕೊಂಡವರು ಓದುತ್ತಲೇ ಇರಬಹುದು. ಆಮೇಲೆ ಬಿದ್ದ ಬೀಗ ಅವರನ್ನು ತಡೆಯದು.

ಗ್ನು ಇನ್‌ಸ್ಟಾಲ್ ನಕಲನ್ನು ಮೊದಲು ಮಾಡಿದವರಿಗೆ ಮಾತ್ರ ಕಾಣುವಂತೆ ಸೃಷ್ಟಿಸಿ, ಪೂರ್ತಿಯಾದ ಮೇಲೆ ನೀವು ಹೇಳಿದ ಅನುಮತಿ ಕೊಡುತ್ತದೆ. ಬರೆಯುವ ಕ್ರಮ ಸುಲಭ: 'ಇನ್‌ಸ್ಟಾಲ್ -ಎಂ 640', ಮುಂದೆ ಮೂಲ ಫೈಲಿನ ಹೆಸರು, ಕೊನೆಗೆ ಸೇರಬೇಕಾದ ಜಾಗ. ಟೈಪಿಸುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ.

ಈ 640 ಏನು? ಓದಲು 4, ತಿದ್ದಲು 2, ಪ್ರೋಗ್ರಾಮಾಗಿ ಓಡಿಸಲು 1. ಮೊದಲ ಅಂಕೆ ಒಡೆಯನದ್ದು, ಎರಡನೆಯದು ಗುಂಪಿನದ್ದು, ಮೂರನೆಯದು ಉಳಿದವರದ್ದು. ಅಂದರೆ ಒಡೆಯ ಓದಿ ತಿದ್ದಬಹುದು, ಗುಂಪಿನವರು ಓದಬಹುದು, ಉಳಿದವರಿಗೆ ಬಾಗಿಲು ಮುಚ್ಚಿದೆ. ಯಾವ ಗುಂಪು ಎಂಬುದನ್ನು '-ಜಿ' ಎಂದು ಬರೆದು ಹೇಳಬೇಕು. ನೀವು ಸದಸ್ಯರಾಗಿರುವ ಗುಂಪಾದರೆ ಸಾಕು. ಒಡೆಯನನ್ನೇ ಬದಲಿಸುವ '-ಓ'ಗೆ ಮಾತ್ರ ರೂಟ್ ಅಧಿಕಾರ ಬೇಕು.

ಹಾಗೆಂದು ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. '-ಎಂ' ಬಿಟ್ಟುಹೋದರೆ ಇನ್‌ಸ್ಟಾಲ್ ತಾನಾಗಿ 755 ಕೊಡುತ್ತದೆ. ಎಲ್ಲರೂ ಓದಬಹುದು, ಓಡಿಸಲೂ ಬಹುದು! ಪ್ರೋಗ್ರಾಮುಗಳನ್ನು ಅವುಗಳ ಜಾಗಕ್ಕೆ ಸೇರಿಸಲೆಂದೇ ಹುಟ್ಟಿದ ಆಜ್ಞೆಗೆ ಅದು ಸಹಜ, ಅಂಕಪಟ್ಟಿಗೆ ಅಪಾಯ. ಆ ಹುಟ್ಟುಗುಣದ ಒಂದು ಲಾಭವೂ ಇದೆ. ಓಡುತ್ತಿರುವ ಪ್ರೋಗ್ರಾಮಿನ ಮೇಲೆ ಸಿಪಿ ಮಾಡಿದರೆ 'ಟೆಕ್ಸ್ಟ್ ಫೈಲ್ ಬ್ಯುಸಿ' ಎಂಬ ತಕರಾರು ಬರುತ್ತದೆ. ಇನ್‌ಸ್ಟಾಲ್ ಹಳೆಯ ಹೆಸರನ್ನು ತೆಗೆದು ಹೊಸ ಫೈಲು ಇಡುವುದರಿಂದ ಆ ಗೊಡವೆಯಿಲ್ಲ.

ಹಳೆಯ ಪ್ರತಿ ಉಳಿಯಲಿ ಎನ್ನುವವರಿಗೆ '-ಬಿ' ಇದೆ. ಹಳೆಯ ಫೈಲು ಹೆಸರಿನ ತುದಿಯಲ್ಲಿ ಅಲೆಯಂಥ ಗುರುತು ಹೊತ್ತು ಪಕ್ಕದಲ್ಲೇ ಉಳಿಯುತ್ತದೆ, ಆದರೆ ತನ್ನ ಹಳೆಯ ಅನುಮತಿಯೊಂದಿಗೇ. ಹೊಸ ಪಟ್ಟಿಗೆ 640 ಕೊಟ್ಟಿದ್ದರೂ, ಹಿಂದಿನದು ಎಲ್ಲರಿಗೂ ತೆರೆದಿದ್ದರೆ ಆ ಪ್ರತಿ ಈಗಲೂ ತೆರೆದೇ ಇರುತ್ತದೆ. ಅದಕ್ಕೆ ಪ್ರತ್ಯೇಕವಾಗಿ ಸಿಎಚ್‌ಮೋಡ್ ಕೊಡಲೇಬೇಕು.