ನಕ್ಷತ್ರಲೋಕಕ್ಕೆ ಹೊರಟ ಕನ್ನಡದ ಮಾತು

ನಮ್ಮ ಪಕ್ಕದ ಮನೆಯ ರಾಯರು ನಿವೃತ್ತರಾದ ಮೇಲೆ ಎರಡು ಕೆಲಸಗಳನ್ನು ತಪ್ಪದೆ ಮಾಡುತ್ತಾರೆ. ಬೆಳಿಗ್ಗೆ ವೃತ್ತಪತ್ರಿಕೆಯನ್ನು ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಓದುವುದು ಒಂದು. ಓದಿದುದರ ಮೇಲೆ ಸಂಜೆ ನಮ್ಮ ಜಗುಲಿಯಲ್ಲಿ ಕುಳಿತು ತೀರ್ಪು ಕೊಡುವುದು ಇನ್ನೊಂದು. ರಾಜಕೀಯ, ಮಳೆ, ತೊಗರಿಬೇಳೆಯ ಧಾರಣೆ ಇವೆಲ್ಲ ಮುಗಿದು, ಕಾಫಿಯ ಲೋಟ ಕೆಳಗಿಡುವ ಹೊತ್ತಿಗೆ ವಿಜ್ಞಾನದ ಸರದಿ ಬರುತ್ತದೆ. 2024ರ ಏಪ್ರಿಲ್ ತಿಂಗಳ ಕಡೆಯ ಒಂದು ಸಂಜೆ ಹಾಗೆ ಬಂದ ವಿಷಯ ವಾಯೇಜರ್ ಎಂಬ ವ್ಯೋಮನೌಕೆ.

“ನೋಡಿ ಮೇಷ್ಟ್ರೆ, ಅಮೆರಿಕದವರು 1977ರಲ್ಲಿ ಹಾರಿಸಿದ ಡಬ್ಬವಂತೆ. ಅದು ಕೆಟ್ಟಿತಂತೆ. ಭೂಮಿಯ ಮೇಲೆ ಕೂತೇ ರಿಪೇರಿ ಮಾಡಿದರಂತೆ. ನಮ್ಮ ಬೀದಿಯ ನಲ್ಲಿ ಕೆಟ್ಟು ಹದಿನೈದು ದಿನವಾಯಿತು. ಅದನ್ನು ತಿರುಗಿ ನೋಡುವವರಿಲ್ಲ. ಆಕಾಶದ ಡಬ್ಬದಿಂದ ಯಾರಿಗೆ ಏನು ಬಂತು, ನೀವೇ ಹೇಳಿ!”

ಷಟ್ಪದಿಯ ಲಕ್ಷಣವನ್ನು ಕೇಳಿದ್ದರೆ ಒಂದು ಗಂಟೆ ಮಾತನಾಡಬಲ್ಲೆ. ಇದಕ್ಕೆ ಏನು ಹೇಳುವುದೆಂದು ತೋಚದೆ ಸುಮ್ಮನಿದ್ದೆ. ಒಳಗಿನಿಂದ ನನ್ನ ಶ್ರೀಮತಿಯ ದನಿ ಕೇಳಿಸಿತು: “ಅದರಲ್ಲಿ ಕನ್ನಡವೂ ಹೋಗಿದೆಯಂತಲ್ಲ?”

ರಾಯರು ನನ್ನ ಮುಖ ನೋಡಿದರು. ಕನ್ನಡದಲ್ಲಿ ಎಂ. ಎ. ಮಾಡಿದವನಿಗೆ ಈ ಸಂಗತಿ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವುದು ಕಷ್ಟವಾಯಿತು. ಆ ರಾತ್ರಿಯಿಂದ ತೊಡಗಿ ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಗ್ರಹಕೂಟದ ಪ್ರಯಾಣಿಕರು

1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟವಾದಾಗ ನಾಡಿನಲ್ಲೆಲ್ಲ ಹೋಮ ಹವನಗಳು ನಡೆದವೆಂದು ನಮ್ಮ ತಾತ ಹೇಳುತ್ತಿದ್ದರು. ಅದೇ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಬಗೆಯ ಗ್ರಹಕೂಟವನ್ನು ಲೆಕ್ಕ ಹಾಕುತ್ತಿದ್ದರು. ಗುರು, ಶನಿ, ಯುರೇನಸ್, ನೆಪ್ಚೂನ್ ಈ ನಾಲ್ಕೂ ಸುಮಾರು 175 ವರ್ಷಗಳಿಗೊಮ್ಮೆ ಅನುಕೂಲವಾದ ಸ್ಥಾನಗಳಲ್ಲಿ ಬಂದು ನಿಲ್ಲುತ್ತವೆ. ಆಗ ಹೊರಟ ನೌಕೆಯೊಂದು ಒಂದು ಗ್ರಹದ ಸೆಳೆತದಿಂದಲೇ ವೇಗವನ್ನು ಪಡೆದು ಮುಂದಿನ ಗ್ರಹಕ್ಕೆ ಸಾಗಬಹುದು. ಕವಣೆಯ ಕಲ್ಲು ತಿರುಗಿ ತಿರುಗಿ ಹಾರುವಂತೆ ಈ ಉಪಾಯ. ನಮ್ಮವರು ಗ್ರಹಗಳಿಗೆ ಶಾಂತಿ ಮಾಡಿಸಿದರೆ ಅವರು ಗ್ರಹಗಳನ್ನೇ ದುಡಿಸಿಕೊಂಡರು.

1977ರ ಆಗಸ್ಟ್ 20ರಂದು ವಾಯೇಜರ್ 2, ಸೆಪ್ಟೆಂಬರ್ 5ರಂದು ವಾಯೇಜರ್ 1 ಕೇಪ್ ಕೆನವೆರಲ್‌ನಿಂದ ಹೊರಟವು. ಹಿಂದೆ ಹೊರಟುದಕ್ಕೆ ‘ಒಂದು’ ಎಂಬ ಹೆಸರೇಕೆಂದರೆ, ಅದು ಹತ್ತಿರದ ದಾರಿ ಹಿಡಿದು ಗುರುವನ್ನು ಮೊದಲು ತಲಪುವಂತೆ ಗೊತ್ತುಮಾಡಿದ್ದರು. 1979ರ ಮಾರ್ಚ್ ತಿಂಗಳಲ್ಲಿ ಅದು ಗುರುವಿನ ಉಪಗ್ರಹವಾದ ಅಯೋ ಬಳಿ ಹಾದಾಗ, ಅಲ್ಲಿ ಉರಿಯುತ್ತಿರುವ ಜ್ವಾಲಾಮುಖಿಗಳು ಕಂಡುಬಂದವು. ಭೂಮಿಯನ್ನು ಬಿಟ್ಟು ಬೇರೆಡೆ ಜೀವಂತ ಜ್ವಾಲಾಮುಖಿಯನ್ನು ಮನುಷ್ಯ ಕಂಡುದು ಅದೇ ಮೊದಲು. ವಾಯೇಜರ್ 2 ಇನ್ನೂ ಮುಂದೆ ನಡೆದು 1986ರಲ್ಲಿ ಯುರೇನಸ್ಸನ್ನೂ 1989ರಲ್ಲಿ ನೆಪ್ಚೂನನ್ನೂ ಸಂದರ್ಶಿಸಿತು.

1990ರ ಫೆಬ್ರವರಿ 14ರಂದು ವಾಯೇಜರ್ 1, ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂದಿರುಗಿ ನೋಡಿ ಭೂಮಿಯ ಚಿತ್ರವನ್ನು ತೆಗೆಯಿತು. ಆ ಚಿತ್ರದಲ್ಲಿ ನಮ್ಮ ಪೃಥ್ವಿ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣದಷ್ಟಿದೆ. 2012ರ ಆಗಸ್ಟ್ 25ರಂದು ಅದು ಸೂರ್ಯಮಾರುತದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಅವಕಾಶವನ್ನು ಹೊಕ್ಕಿತು. ಮನುಷ್ಯನ ಕೈ ಮಾಡಿದ ಬೇರಾವ ವಸ್ತುವೂ ಅದಕ್ಕಿಂತ ದೂರ ಹೋಗಿಲ್ಲ.

ನಲವತ್ತೈದು ಗಂಟೆಗಳ ಕಾತರ

ರಾಯರು ಹೇಳಿದ ರಿಪೇರಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. 2023ರ ನವೆಂಬರಿನಲ್ಲಿ ವಾಯೇಜರ್ 1 ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿತು. ದನಿಯೇನೋ ಬರುತ್ತಿತ್ತು, ಅರ್ಥವಿರಲಿಲ್ಲ. ಸನ್ನಿ ಹಿಡಿದ ರೋಗಿ ಹೇಳಿದುದನ್ನೇ ಹೇಳುವಂತೆ ಒಂದೇ ಬಗೆಯ ಅಂಕಿಗಳು ಮರಳಿ ಮರಳಿ ಬರುತ್ತಿದ್ದವು.

ವೈದ್ಯರು ರೋಗಿಯ ಬಳಿಗೆ ಹೋಗುವಂತಿಲ್ಲ. ರೋಗಿ ಇದ್ದುದು 2,400 ಕೋಟಿ ಕಿಲೋಮೀಟರುಗಳಾಚೆ. ಅದರ ಪ್ರೇಷಕದ ಶಕ್ತಿ ಸುಮಾರು 23 ವಾಟ್. ತಂಪುಪೆಟ್ಟಿಗೆಯ ಒಳಗೆ ಉರಿಯುವ ದೀಪದಷ್ಟು. ಅದರ ಗಣಕಯಂತ್ರಗಳ ಸ್ಮೃತಿಯನ್ನೆಲ್ಲ ಕೂಡಿಸಿದರೂ ಇಂದಿನ ಕೈಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಸಾಲದು. ಅದನ್ನು ಕಟ್ಟಿದವರಲ್ಲಿ ಅನೇಕರು ಇಂದಿಲ್ಲ. ಅವರು ಬರೆದಿಟ್ಟ ದಶಕಗಳ ಹಿಂದಿನ ಕಾಗದಗಳನ್ನು ಕೆದಕಿ, ಹಳಗನ್ನಡದ ಓಲೆಗರಿಯನ್ನು ಬಿಡಿಸುವ ಪಂಡಿತರಂತೆ ಎಂಜಿನಿಯರುಗಳು ತಿಂಗಳುಗಟ್ಟಲೆ ಕುಳಿತರು.

ಕಡೆಗೆ ದೋಷ ಸಿಕ್ಕಿತು. ಸುದ್ದಿಯನ್ನು ಹೊಂದಿಸಿ ಕಳುಹಿಸುವ ಗಣಕದ ಸ್ಮೃತಿಯಲ್ಲಿ ಒಂದು ಚಿಪ್ ಕೆಟ್ಟಿತ್ತು. ಅದನ್ನು ಬದಲಿಸುವಂತಿಲ್ಲ. ಅದರಲ್ಲಿದ್ದ ಆಜ್ಞೆಗಳನ್ನು ಬೇರೆಡೆಗೆ ಸಾಗಿಸೋಣವೆಂದರೆ ಅಷ್ಟೂ ಹಿಡಿಸುವ ಒಂದೇ ಜಾಗವಿಲ್ಲ. ಮಳೆಗಾಲದಲ್ಲಿ ಒಂದು ಕೋಣೆ ಸೋರಿದರೆ ಗೃಹಿಣಿಯರು ಏನು ಮಾಡುತ್ತಾರೆ? ಅಲ್ಲಿಯ ಸಾಮಾನನ್ನು ಅಡಿಗೆಮನೆಯ ಮೂಲೆಯಲ್ಲಿಷ್ಟು, ಮಂಚದ ಕೆಳಗಿಷ್ಟು ಹಂಚಿಟ್ಟು, ಯಾವುದು ಎಲ್ಲಿದೆಯೆಂದು ಮನೆಯವರಿಗೆ ಹೇಳಿಡುತ್ತಾರಷ್ಟೆ. ವಿಜ್ಞಾನಿಗಳೂ ಅದನ್ನೇ ಮಾಡಿದರು.

2024ರ ಏಪ್ರಿಲ್ 18ರಂದು ಮೊದಲ ಆಜ್ಞೆಯನ್ನು ಕಳುಹಿಸಿದರು. ಬೆಳಕಿನ ವೇಗದಲ್ಲಿ ಹೋಗಿ ಮುಟ್ಟಲು ಅದಕ್ಕೆ ಇಪ್ಪತ್ತೆರಡೂವರೆ ಗಂಟೆ. ಉತ್ತರ ಬರಲು ಮತ್ತೆ ಅಷ್ಟೇ. ದೂರದೂರಿನ ಆಸ್ಪತ್ರೆಯಿಂದ ಟೆಲಿಗ್ರಾಮಿಗಾಗಿ ಕಾಯುತ್ತಿದ್ದ ಹಿಂದಿನ ಮನೆಗಳಂತೆ ಅವರು ಕಾದರು. ಏಪ್ರಿಲ್ 20ರಂದು ಉತ್ತರ ಬಂದಿತು. ಐದು ತಿಂಗಳ ಮೇಲೆ ಮೊದಲ ಬಾರಿಗೆ ರೋಗಿ ತನ್ನ ಕ್ಷೇಮಸಮಾಚಾರವನ್ನು ತಿಳಿಯುವಂತೆ ಹೇಳಿತ್ತು.

ಚಿನ್ನದ ತಟ್ಟೆಯಲ್ಲಿ ನಾಲ್ಕು ಮಾತು

ಈ ಎರಡು ನೌಕೆಗಳ ಪಕ್ಕೆಯಲ್ಲೂ ಒಂದೊಂದು ಗ್ರಾಮಫೋನ್ ತಟ್ಟೆಯಿದೆ. ಹನ್ನೆರಡು ಅಂಗುಲ ಅಗಲ. ತಾಮ್ರದ ಮೇಲೆ ಚಿನ್ನದ ಲೇಪ. ನುಡಿಸಲು ಮುಳ್ಳನ್ನೂ ಜೊತೆಯಲ್ಲಿ ಇಟ್ಟು, ನುಡಿಸುವ ವಿಧಾನವನ್ನು ಮುಚ್ಚಳದ ಮೇಲೆ ಚಿತ್ರಿಸಿದ್ದಾರೆ. ಎಂದಾದರೊಮ್ಮೆ ಎಲ್ಲಿಯಾದರೂ ಬುದ್ಧಿಯುಳ್ಳ ಜೀವಿಗಳಿಗೆ ಇದು ಸಿಕ್ಕಿದರೆ ಭೂಮಿಯ ಪರಿಚಯವಾಗಲೆಂಬ ಆಸೆ. ಇದನ್ನು ಸಿದ್ಧಪಡಿಸಿದ ಸಮಿತಿಗೆ ಕಾರ್ಲ್ ಸೇಗನ್ ಅಧ್ಯಕ್ಷರು. ಮಳೆಗಾಳಿಯ ಸದ್ದು, ತಿಮಿಂಗಿಲದ ಹಾಡು, ನೂರಕ್ಕೂ ಮೇಲ್ಪಟ್ಟ ಚಿತ್ರಗಳು, ಒಂದೂವರೆ ಗಂಟೆಯ ಸಂಗೀತ, 55 ಭಾಷೆಗಳ ಶುಭಾಶಯ ಇವು ಅದರಲ್ಲಿವೆ.

ಸಂಗೀತದಲ್ಲಿ ಬಾಖ್, ಬೀಥೋವನ್‌ರ ಜೊತೆಗೆ ನಮ್ಮ ದೇಶದ ಸುರಶ್ರೀ ಕೇಸರಬಾಯಿ ಕೇರ್ಕರ್ ಇದ್ದಾರೆ. ಗೋವೆಯಲ್ಲಿ ಹುಟ್ಟಿ, ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆಯಾಗಿ ಬೆಳಗಿದ ಈ ಮಹಾಗಾಯಕಿಯ ಭೈರವಿ ಮೂರೂವರೆ ನಿಮಿಷ ಅಲ್ಲಿದೆ. ಕಚೇರಿಯ ಕೊನೆಗೆ ಹಾಡುವ ರಾಗ ಭೈರವಿ. ವಾಯೇಜರ್ 1 ಹೊರಟ ಹನ್ನೊಂದು ದಿನಗಳಿಗೆ, 1977ರ ಸೆಪ್ಟೆಂಬರ್ 16ರಂದು ಆಕೆ ತೀರಿಕೊಂಡರು. ಹಾಡಿದವರು ಮಣ್ಣಿಗೆ ಸಂದರು. ಹಾಡು ಆಕಾಶದಲ್ಲಿ ನಡೆದೇ ಇದೆ.

ಇನ್ನು ಕನ್ನಡ. ಶುಭಾಶಯಗಳ ಬಹುಪಾಲನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಅಲ್ಲಿ ಆಗ ಸಿಕ್ಕಿದ ಆಯಾ ಭಾಷೆಯವರಿಂದ ಹೇಳಿಸಿ ಮುದ್ರಿಸಿಕೊಂಡರು. ತೆಲುಗು, ಮರಾಠಿ, ಬಂಗಾಳಿಗಳಿವೆ, ತಮಿಳಿಲ್ಲ, ಮಲಯಾಳವಿಲ್ಲ. ಆದ್ದರಿಂದ ಕನ್ನಡ ಇರುವುದು ನಮ್ಮ ಹೆಚ್ಚುಗಾರಿಕೆಯಿಂದಲ್ಲ. ಆ ದಿನ ಅಲ್ಲಿ ಒಬ್ಬ ಕನ್ನಡಿಗರು ಇದ್ದುದರಿಂದ.

ಧ್ವನಿಯನ್ನು ಹುಡುಕಿ ಕೇಳಿದೆ. ‘ನಮಸ್ತೆ’ ಎಂದು ತೊಡಗಿ ಕನ್ನಡಿಗರ ಪರವಾಗಿ ಶುಭಾಶಯ ಕೋರುವ ನಾಲ್ಕೇ ಮಾತು. ನನ್ನ ಎಂ. ಎ. ಬುದ್ಧಿ ಕೂಡಲೆ ಕೊಂಕು ತೆಗೆಯಿತು: ‘ನಮಸ್ತೆ’ ಸಂಸ್ಕೃತ, ‘ಶುಭಾಶಯ’ ಸಂಸ್ಕೃತ, ‘ಪರ’ವೂ ಸಂಸ್ಕೃತ, ನಮ್ಮದೆಂದು ಹೇಳಿಕೊಳ್ಳಲು ಉಳಿದುದು ‘ಕನ್ನಡಿಗರ’ ಎಂಬುದೊಂದೇ! ಎರಡನೆಯ ಬಾರಿ ಕೇಳಿದಾಗ ಆ ಕೊಂಕು ಅಡಗಿತು. ಪರದೇಶದ ಊರಿನಲ್ಲಿ ಯಾರೋ ಕರೆದು ‘ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ’ ಎಂದಾಗ, ತನ್ನ ಹೆಸರನ್ನಾಗಲಿ ಊರನ್ನಾಗಲಿ ಹೇಳದೆ, ಎಲ್ಲ ಕನ್ನಡಿಗರ ಪರವಾಗಿ ಮಾತನಾಡಿದ ಆ ಸೌಜನ್ಯ ಮನಸ್ಸಿಗೆ ತಟ್ಟಿತು.

ಬೀರುವಿನ ಕ್ಯಾಸೆಟ್

ನನ್ನ ಎಂಟು ವರ್ಷದ ಮಗಳೂ ಕೇಳಿದಳು. ಕೇಳಿ, “ಅಪ್ಪಾ, ತಾತನ ಧ್ವನಿ ಎಲ್ಲಿದೆ?” ಎಂದಳು.

ನಮ್ಮ ತಂದೆಯವರು ಗಮಕಿಗಳು. ಶ್ರಾವಣಮಾಸದಲ್ಲಿ ಅವರು ಕುಮಾರವ್ಯಾಸ ಭಾರತವನ್ನು ವಾಚಿಸಲು ಕುಳಿತರೆ ಬೀದಿಯ ಜನ ನೆರೆಯುತ್ತಿದ್ದರು. ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ ಈ ಮಗು ಹುಟ್ಟಿತು. ನಾನು ಚಿಕ್ಕವನಾಗಿದ್ದಾಗ ನೆಂಟರೊಬ್ಬರು ಅವರ ವಾಚನವನ್ನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದುಕೊಟ್ಟಿದ್ದರು. ‘ನಾಳೆ ಇದನ್ನು ಬೇರೆ ಮಾಡಿಸಿಡಬೇಕು’ ಎಂದುಕೊಂಡೇ ಇಪ್ಪತ್ತೈದು ವರ್ಷ ಬೀರುವಿನಲ್ಲಿಟ್ಟಿದ್ದೆ. ಮಗಳ ಮಾತಿಗೆ ಅದನ್ನು ತೆಗೆದು ನೋಡಿದರೆ ಬಿಳಿಯ ಬೂಷ್ಟು ಹಿಡಿದಿತ್ತು. ಹಳೆಯ ಯಂತ್ರವೊಂದನ್ನು ಎರವಲು ತಂದು ಹಾಕಿದೆವು. ಬಹಳ ಹೊತ್ತು ಮಳೆ ಸುರಿದಂತೆ ಸದ್ದು. ನಡುವೆ ಒಮ್ಮೆ ತಂದೆಯವರು ಗಂಟಲು ಸರಿಪಡಿಸಿಕೊಂಡುದು ಸ್ಪಷ್ಟವಾಗಿ ಕೇಳಿಸಿತು. ವಾಚನಕ್ಕೆ ತೊಡಗುವ ಮುನ್ನ ಅವರು ಹಾಗೆ ಮಾಡುತ್ತಿದ್ದರು. ಆಮೇಲೆ ಪಟ್ಟಿ ತುಂಡಾಯಿತು. ನಮ್ಮ ತಾಯಿ ಏನೂ ಹೇಳದೆ ಎದ್ದು ದೇವರ ಮನೆಗೆ ಹೋದರು.

ತಪ್ಪು ಯಂತ್ರದ್ದಲ್ಲ, ಬೂಷ್ಟಿನದೂ ಅಲ್ಲ; ನನ್ನದು.

ಮರುದಿನ ಸಂಜೆ ರಾಯರು ಬಂದಾಗ ಅವರ ಪ್ರಶ್ನೆಗೆ ಉತ್ತರ ಹೇಳಿದೆ. “ರಾಯರೆ, ನಲ್ಲಿಯ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ. ಆದರೆ ನಲ್ಲಿಯ ಕಥೆಯೂ ವಾಯೇಜರಿನ ಕಥೆಯೂ ಒಂದೇ. ಮಾಡಿದ್ದನ್ನು ನೋಡಿಕೊಳ್ಳುವವರಿದ್ದರೆ ಅದು ಉಳಿಯುತ್ತದೆ. ನಲವತ್ತಾರು ವರ್ಷ ಹಳೆಯ ಯಂತ್ರವನ್ನು ಅವರು ಕೈಬಿಡಲಿಲ್ಲ. ಐದು ಹೆಜ್ಜೆ ದೂರದ ಬೀರುವನ್ನು ನಾನು ತೆರೆದು ನೋಡಲಿಲ್ಲ.” ರಾಯರು ಆ ದಿನ ತೀರ್ಪು ಕೊಡಲಿಲ್ಲ. ನಾಲ್ಕು ದಿನಗಳ ಮೇಲೆ ನಾವಿಬ್ಬರೂ ಕೂಡಿ ನಲ್ಲಿಯ ಬಗೆಗೆ ಅರ್ಜಿ ಕೊಟ್ಟು ಬಂದೆವು.

ವಾಯೇಜರುಗಳ ಆಯುಸ್ಸೂ ಸವೆಯುತ್ತಿದೆ. ಅವುಗಳ ಪ್ಲುಟೋನಿಯಂ ಒಲೆಯ ಶಕ್ತಿ ವರ್ಷಕ್ಕೆ ಸುಮಾರು 4 ವಾಟಿನಂತೆ ಕುಂದುವುದರಿಂದ ಒಂದೊಂದೇ ಉಪಕರಣವನ್ನು ಆರಿಸಬೇಕಾಗಿದೆ. 2025ರಲ್ಲಿ ಎರಡು ನೌಕೆಗಳಲ್ಲೂ ಒಂದೊಂದನ್ನು ಆರಿಸಿದರು. ಒಂದು ದಿನ ಅವು ಮೌನವಾಗುತ್ತವೆ. ಆದರೂ ಪಯಣ ನಿಲ್ಲದು. ಸುಮಾರು 40,000 ವರ್ಷಗಳ ಮೇಲೆ ವಾಯೇಜರ್ 1 ಗ್ಲೀಸ್ 445 ಎಂಬ ನಕ್ಷತ್ರದಿಂದ 1.6 ಜ್ಯೋತಿರ್ವರ್ಷಗಳಷ್ಟು ದೂರದಲ್ಲಿ ಹಾದುಹೋಗುವುದಂತೆ. ಆಗಲೂ ಆ ಕನ್ನಡದ ನಾಲ್ಕು ಮಾತು ಅದರೊಡನೆ ಇರುತ್ತದೆ.

“ಅವರು ತಿರುಗಿ ಕನ್ನಡದಲ್ಲೇ ನಮಸ್ಕಾರ ಅಂದರೆ?” ಎಂದು ಮಗಳು ಕೇಳಿದಳು. “ಆಗ ಇಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವವರು ಇರಬೇಕಲ್ಲ?”

ಅವಳ ಶಾಲೆಯಲ್ಲಿ ಆಟದ ಬಯಲಿನಲ್ಲೂ ಇಂಗ್ಲಿಷನ್ನೇ ಆಡಬೇಕೆಂಬ ನಿಯಮವಿದೆ. ಆ ಶಾಲೆಗೆ ಅವಳನ್ನು ಸೇರಿಸಿದವನು ಕನ್ನಡ ಅಧ್ಯಾಪಕನಾದ ನಾನೇ. ಅವಳಿಗೆ ಏನು ಹೇಳಲಿ?

ಆ ಭಾನುವಾರ ನಮ್ಮ ತಾಯಿಯನ್ನು ಜಗುಲಿಯಲ್ಲಿ ಕೂರಿಸಿ, ಮಗಳ ಕೈಗೆ ಫೋನ್ ಕೊಟ್ಟು, ತಂದೆಯವರು ವಾಚಿಸುತ್ತಿದ್ದ ಪದ್ಯಗಳನ್ನು ಹೇಳೆಂದು ಕೇಳಿದೆ. “ನನಗೆಲ್ಲಿ ಬರುತ್ತೋ ರಾಗ!” ಎಂದು ನಾಚುತ್ತಲೇ ತಾಯಿ ಸೆರಗು ಸರಿಪಡಿಸಿಕೊಂಡರು. ಆಮೇಲೆ, ತಂದೆಯವರು ಮಾಡುತ್ತಿದ್ದಂತೆಯೇ, ಒಮ್ಮೆ ಗಂಟಲು ಸರಿಪಡಿಸಿಕೊಂಡು ತೊಡಗಿದರು.