ಎಕ್ಸ್‌ರೇ ಬಟನ್ ಒತ್ತುವ ಮೊದಲಿನ ವಿದ್ಯೆ

ಎದೆಯ ಎಕ್ಸ್‌ರೇ ತೆಗೆಸಿಕೊಂಡವರಿಗೆಲ್ಲ ಈ ಮಾತುಗಳು ಗೊತ್ತು: ‘ಸರ ತೆಗೆದಿಡಿ, ಜಡೆ ಮೇಲಕ್ಕೆ ಕಟ್ಟಿಕೊಳ್ಳಿ, ಗದ್ದ ಇಲ್ಲಿಡಿ, ಕೈ ಸೊಂಟದ ಮೇಲಿಟ್ಟು ಭುಜ ಮುಂದಕ್ಕೆ ತನ್ನಿ, ಜೋರಾಗಿ ಉಸಿರೆಳೆದು ಹಿಡ್ಕೊಳ್ಳಿ.’ ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ‘ಬಟನ್ ಒತ್ತುವುದಕ್ಕೂ ಒಂದು ಡಿಗ್ರಿ ಬೇಕೆ’ ಎಂದು ಕೇಳುವವರು ಈಗಲೂ ಇದ್ದಾರೆ. ಬೇಕು. ಏಕೆಂದರೆ ಅಲ್ಲಿ ಆಡಿದ ಒಂದೊಂದು ಮಾತಿನ ಹಿಂದೆಯೂ ಓದಿದ ಪಾಠವಿದೆ.

ಭುಜ ಮುಂದೆ ಬಂದರೆ ಹೆಗಲಿನ ಚಪ್ಪಟೆ ಮೂಳೆಗಳು ಶ್ವಾಸಕೋಶಕ್ಕೆ ಅಡ್ಡ ಬರದೆ ಪಕ್ಕಕ್ಕೆ ಸರಿಯುತ್ತವೆ. ಉಸಿರು ತುಂಬಿಕೊಂಡರೆ ವಪೆ ಕೆಳಗಿಳಿದು ಶ್ವಾಸಕೋಶದ ಬುಡದವರೆಗೂ ಕಾಣಿಸುತ್ತದೆ. ಕಿರಣ ಬೆನ್ನಿನಿಂದ ಎದೆಯ ಕಡೆಗೆ, ಸುಮಾರು 180 ಸೆಂ.ಮೀ. ದೂರದಿಂದ ಹಾಯ್ದರೆ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಮೂಡುವುದಿಲ್ಲ. ಚಿತ್ರ ಬಂದ ಮೇಲೆ ಎರಡೂ ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿವೆಯೇ ಎಂದು ನೋಡಬೇಕು. ಇಲ್ಲವಾದರೆ ರೋಗಿ ವಾರೆಯಾಗಿ ನಿಂತಿದ್ದಾರೆ ಎಂದರ್ಥ. ಇಲ್ಲದ ಕಾಯಿಲೆ ಇದ್ದಂತೆ ಕಾಣಬಹುದು, ಇರುವುದು ಮರೆಯಾಗಲೂಬಹುದು. ರೇಡಿಯಾಲಜಿಸ್ಟ್ ಎಷ್ಟೇ ನುರಿತವರಾದರೂ ಓದುವುದು ಕೈಗೆ ಬಂದ ಚಿತ್ರವನ್ನೇ. ಆ ಚಿತ್ರದ ಸತ್ಯಾಸತ್ಯತೆ ಟೆಕ್ನಾಲಜಿಸ್ಟ್ ಕೈಯಲ್ಲಿದೆ.

ಸೇರಲು ಏನು ಬೇಕು?

ಕರ್ನಾಟಕದಲ್ಲಿ ಈ ಪದವಿಗೆ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹಲವು ಕಾಲೇಜುಗಳಲ್ಲೂ ಮಣಿಪಾಲದಲ್ಲೂ ಈ ಕೋರ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ಬಿ.ಎಸ್ಸಿ. ರೇಡಿಯೋಗ್ರಫಿ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜೀವಶಾಸ್ತ್ರ ಬಿಟ್ಟು ಪಿಸಿಎಂ ಮಾತ್ರ ಓದಿದವರಿಗೆ ಎಲ್ಲ ಕಡೆ ಅವಕಾಶವಿಲ್ಲ. ಪ್ಯಾರಾಮೆಡಿಕಲ್ ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಪ್ರವೇಶದ ಕ್ರಮ, ಅಂಕದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನಂಬಬೇಕು.

ಮೂರು ವರ್ಷ ಓದು, ಬಳಿಕ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಒಟ್ಟು ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ರೇಡಿಯೋಥೆರಪಿ ಟೆಕ್ನಾಲಜಿ ಬೇರೆಯೇ ಪದವಿ. ಅರ್ಜಿ ತುಂಬುವಾಗ ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಏನು ಓದುತ್ತಾರೆ?

ಮೊದಲ ವರ್ಷ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂಥ ತಳಪಾಯ. ಮುಂದೆ ವಿಕಿರಣ ಭೌತಶಾಸ್ತ್ರ, ಯಂತ್ರಗಳ ರಚನೆ, ರೋಗಿಯನ್ನು ಕೂರಿಸುವ ಮಲಗಿಸುವ ವಿಧಾನ, ಸಿ.ಟಿ., ಎಂ.ಆರ್.ಐ. ಪಿಯುಸಿ ಮುಗಿಯಿತು, ಫಿಸಿಕ್ಸ್ ಕಾಟ ತಪ್ಪಿತು ಎಂದುಕೊಂಡವರಿಗೆ ಇಲ್ಲಿ ಅದು ಮತ್ತೆ ಎದುರಾಗುತ್ತದೆ. ಅಂಗೈಗೆ 50 ಕಿಲೋವೋಲ್ಟ್ ಆಸುಪಾಸು ಸಾಕು, ಎದೆಗೆ ಅದರ ಎರಡು ಪಟ್ಟು ಬೇಕಾಗಬಹುದು. ದಪ್ಪ ಮೈಯವರಿಗೊಂದು ಲೆಕ್ಕ, ಹಸುಗೂಸಿಗೆ ಇನ್ನೊಂದು. ತಪ್ಪಿದರೆ ‘ರಿಪೀಟ್’, ಅಂದರೆ ರೋಗಿಯ ಮೈಗೆ ಬೇಡವಾಗಿದ್ದ ಇನ್ನೊಂದು ಪಾಲು ವಿಕಿರಣ.

ಸಿ.ಟಿ. ಸ್ಕ್ಯಾನ್‌ಗೆ ಅಯೋಡಿನ್ ಇರುವ ಔಷಧ ಚುಚ್ಚುವ ಮೊದಲು ಅಲರ್ಜಿ ಇದೆಯೇ, ಮೂತ್ರಪಿಂಡ ಸರಿಯಿದೆಯೇ ಎಂದು ವಿಚಾರಿಸಬೇಕು. ಎಂ.ಆರ್.ಐ.ನಲ್ಲಿ ಎಕ್ಸ್‌ರೇ ಇಲ್ಲ, ಆದರೆ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿರುವಾಗಲೂ ಅದು ಎಳೆಯುತ್ತಲೇ ಇರುತ್ತದೆ. 2018ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ಯುವಕ ಪ್ರಾಣ ಕಳೆದುಕೊಂಡ. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ ತಡೆದು ಕೇಳುವುದು ಟೆಕ್ನಾಲಜಿಸ್ಟ್ ಕೆಲಸದ ದೊಡ್ಡ ಭಾಗ. ಇನ್ನು ಅಲ್ಟ್ರಾಸೌಂಡ್: ವಿಷಯವನ್ನು ಓದಿದರೂ ಗರ್ಭಿಣಿಯರ ಸ್ಕ್ಯಾನ್ ಮಾಡುವ ಅಧಿಕಾರ ಸಿಗುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಅದು ಅರ್ಹ ವೈದ್ಯರದೇ ಕೆಲಸ.

ಮೈಮೇಲೊಂದು ಬ್ಯಾಡ್ಜ್

‘ಎಕ್ಸ್‌ರೇ ಕೆಲಸ ಮೈಗೆ ಆಗಿಬರುವುದಿಲ್ಲ’ ಎಂಬ ಅಂಜಿಕೆ ಮನೆಗಳಲ್ಲಿದೆ. ವಿಲ್‌ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್ 8ರಂದು ಈ ಕಿರಣವನ್ನು ಕಂಡ ಹೊಸತರಲ್ಲಿ ಅಪಾಯ ಅರಿಯದೆ ಎಷ್ಟೋ ಮಂದಿ ಕೈಬೆರಳು, ಪ್ರಾಣ ಕಳೆದುಕೊಂಡದ್ದು ನಿಜ. ಇಂದು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮವಿದೆ. 18 ತುಂಬದವರು ವಿಕಿರಣದ ಕೆಲಸಕ್ಕಿಳಿಯುವಂತಿಲ್ಲ. ನೌಕರರ ಮೈಗೆ ತಾಗುವ ಪ್ರಮಾಣ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಅದನ್ನು ಅಳೆಯುವುದು ಎದೆಯ ಮೇಲೆ, ಲೆಡ್ ಏಪ್ರನ್ ಒಳಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಲೆಕ್ಕ ತರಿಸುತ್ತಾರೆ. ಕಿರಣದ ಮೂಲದಿಂದ ಎರಡು ಪಟ್ಟು ದೂರ ಸರಿದರೆ ತಾಗುವ ವಿಕಿರಣ ಕಾಲುಭಾಗಕ್ಕಿಳಿಯುತ್ತದೆ. ನಿಯಮ ಪಾಲಿಸುವ ಕಡೆ ಇದು ಹೆದರುವ ವೃತ್ತಿಯಲ್ಲ, ಎಚ್ಚರದ ವೃತ್ತಿ.

ಕಾಲೇಜು ಆರಿಸುವಾಗ

ಕಟ್ಟಡ, ಬ್ರೋಷರ್ ನೋಡಿ ಮರುಳಾಗಬೇಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಸಿ.ಟಿ., ಎಂ.ಆರ್.ಐ. ಎರಡೂ ಅಲ್ಲಿವೆಯೇ? ವಿದ್ಯಾರ್ಥಿಗಳಿಗೆ ಬ್ಯಾಡ್ಜ್ ಕೊಡುತ್ತಾರೆಯೇ? ವಿಶ್ವವಿದ್ಯಾಲಯದ ಮಾನ್ಯತೆ ಸದ್ಯಕ್ಕೆ ಊರ್ಜಿತದಲ್ಲಿದೆಯೇ? ಈ ನಾಲ್ಕನ್ನು ಕೇಳದೆ ಫೀಸು ಕಟ್ಟಬೇಡಿ. ಆರೋಗ್ಯ ಸೇವೆಯ ಇಂಥ ವೃತ್ತಿಗಳಿಗೆ ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣ, ನೋಂದಣಿ ಇರಲೆಂದು 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ಅರೆಬರೆ ತರಬೇತಿಯ ಕಾಲ ಮುಗಿಯಲೇಬೇಕು.

ಎಂಬಿಬಿಎಸ್ ಸಿಗಲಿಲ್ಲವೆಂದು ಬೇಸರದಿಂದ ಈ ಕಡೆ ಬರುವ ಮಕ್ಕಳಿದ್ದಾರೆ. ಅವರಿಗೆ ಹೇಳಬೇಕಾದ ಮಾತು ಒಂದೇ. ಕಾಲು ಮುರಿದು ನರಳುವ ಅಜ್ಜಿಗೆ ಹೆಚ್ಚು ನೋವಾಗದಂತೆ ಸರಿಯಾದ ಕೋನದಲ್ಲಿ, ಒಂದೇ ಸಲಕ್ಕೆ ಚಿತ್ರ ತೆಗೆಯುವುದಕ್ಕೆ ಭೌತಶಾಸ್ತ್ರವೂ ಬೇಕು, ಅಂತಃಕರಣವೂ ಬೇಕು. ಎರಡೂ ಇರುವವರು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ತುರ್ತಾಗಿ ಬೇಕಾಗಿದ್ದಾರೆ.